ಅದೇ ಹೆಸರಿನ ಇನ್ನೊಬ್ಬ

ಅಭಿನಂದನ ಗ್ರಂಥ ಎಂಬ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಹೇಸಿಗೆ. ಬದುಕಿರುವ ಮನುಷ್ಯನನ್ನು ಎದುರಿಗೇ ಕೂರಿಸಿಕೊಂಡು, ನೀನು ಸಾಗರ, ನೀನು ಹಿಮಾಲಯ ಎಂದು ಊರೆಲ್ಲ ಸೇರಿ ಸುಳ್ಳು ಹೇಳುವ ಆ ಪದ್ಧತಿ ನಮ್ಮ ಕಡೆ ಕಾಲೇಜಿಗೊಂದರಂತೆ ಹಬ್ಬಿದೆ. ಬರೆದವರು ಓದುವುದಿಲ್ಲ. ಹೊಗಳಿಸಿಕೊಂಡವನು ತನ್ನ ಫೋಟೋ ಇರುವ ಪುಟಗಳನ್ನಷ್ಟೇ ತಿರುವುತ್ತಾನೆ. ಕಳೆದ ತಿಂಗಳು ಅಂಥದೊಂದು ಗ್ರಂಥಕ್ಕೆ ಲೇಖನ ಕೇಳಿಕೊಂಡು ಚಿಕ್ಕೋಡಿಯ ನನ್ನ ಮನೆಗೆ ಒಬ್ಬ ಅಧ್ಯಾಪಕ ಬಂದ. ನಾನು ನಿವೃತ್ತಿಯಾಗುವವರೆಗೆ ಇಂಗ್ಲಿಷ್ ಕಲಿಸಿದ ಕಾಲೇಜಿನಲ್ಲೇ ಅವನು ಈಗ ಕನ್ನಡ ಕಲಿಸುತ್ತಾನೆ.

"ಸರ್‌ಗೆ ಎಪ್ಪತ್ತೈದು ತುಂಬತಾವ್ರಿ ಮೇಡಂ. ನೀವು ಅವರ ಕೂಡ ಭಾಳ ವರ್ಷ ಕೆಲಸ ಮಾಡೀರಿ. ಒಂದು ಮೂರು ಪುಟ ಬರದು ಕೊಡ್ರಿ."

ಯಾವ ಸರ್ ಎಂದು ಕೇಳಬೇಕಾಗಿರಲಿಲ್ಲ. ಆದರೂ ಏನು ಬರೆಯಲಿ ಎಂದು ಕೇಳಿದೆ.

"ಹೆಣ್ಣಮಕ್ಕಳಿಗೆ ಅವರು ಕೊಡತಿದ್ದ ಗೌರವದ ಬಗ್ಗೆ ಬರೀರಿ. ಅದನ್ನ ಒಬ್ಬ ಹೆಣ್ಣಮಗಳು ಬರದ್ರ ಚಲೋ ಅಂತ ಎಲ್ಲಾರೂ ಅಂದಾರ್ರಿ."

ಬಾಯಲ್ಲಿ ಚಹಾ ಇತ್ತು. ಒಳಗೆ ಹೋಗಿ ಬಚ್ಚಲಿಗೆ ಉಗುಳಿ ಬಂದೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವನಿಗೇನು ಗೊತ್ತು. ಹೇಸಿಗೆ ಅರ್ಧ ಸರ್ ಮೇಲೆ, ಉಳಿದರ್ಧ ನನ್ನ ಮೇಲೆ. ಬರೆದು ಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ಬರೆದದ್ದು ಇದೇ. ಮೂರು ಪುಟಕ್ಕೆ ನಿಲ್ಲಲಿಲ್ಲ. ಅವರು ಇದನ್ನು ಅಚ್ಚು ಹಾಕುವುದಿಲ್ಲ ಎಂಬುದು ಗೊತ್ತಿದೆ, ಕಳಿಸುವುದಂತೂ ಖಂಡಿತ.

ಸರ್ ಬಗ್ಗೆ ಹೇಳುವ ಮೊದಲು ಇಂಗ್ಲೆಂಡಿನ ಒಬ್ಬ ಸತ್ತ ಲೇಖಕನ ಬಗ್ಗೆ ಹೇಳಬೇಕು. ಯಾಕೆಂದರೆ ನಾನು ಮಾಡಿದ ಕೆಲಸವನ್ನು ಕಲಿತದ್ದು ಅವನಿಂದ, ಅಥವಾ ಅವನನ್ನು ತೊಳೆದು ಬೆಳ್ಳಗೆ ಮಾಡಲು ಹೊರಟ ಪಂಡಿತರಿಂದ.

ನಾನು ನಿಪ್ಪಾಣಿಯವಳು. ಅವ್ವ ತಂಬಾಕಿನ ವಖಾರಿಯಲ್ಲಿ, ಎಲೆ ತುಂಬಿಡುವ ಗೋದಾಮಿನಲ್ಲಿ, ದುಡಿದು ನನ್ನನ್ನು ಓದಿಸಿದಳು. ತಂಬಾಕಿನ ಘಾಟು ಅವಳ ಸೀರೆಯಲ್ಲಿ, ತಲೆಗೂದಲಲ್ಲಿ, ಅವಳು ಬಡಿದ ರೊಟ್ಟಿಯಲ್ಲಿ ಕೂಡ ಇರುತ್ತಿತ್ತು. ಅದಕ್ಕೆ ವಾಕರಿಸಿಕೊಂಡೇ ಬೆಳೆದ ನನ್ನನ್ನು ಮನೆಯಲ್ಲಿ ಹೇಸುಗುಣದವಳು ಎಂದು ನಗುತ್ತಿದ್ದರು. ಎಂ.ಎ. ಮುಗಿಸಿ ಎಂ.ಫಿಲ್. ಮಾಡಲು ಕೊಲ್ಲಾಪುರಕ್ಕೆ ಹೋದಾಗ ನನ್ನ ಗೈಡು ಇಂಗ್ಲೆಂಡಿನ ಮಧ್ಯಯುಗದ ಈ ಲೇಖಕನನ್ನು ನನ್ನ ಉಡಿಗೆ ಹಾಕಿದರು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರುಗಳಿಂದ ಆಗುವ ಅನಾಹುತ ನೋಡಿ ನನಗೆ ಸಾಕಾಗಿದೆ.

ಅವನು ಬರೆದದ್ದು ಒಂದು ಭಾರಿ ಗದ್ಯಕಥೆ. ಒಬ್ಬ ಹಳೆಯ ರಾಜ, ಅವನ ಸರದಾರರು, ಅವರ ಕಾಳಗ, ಪ್ರೇಮ, ದ್ರೋಹ. ಆ ಸರದಾರರು ವರ್ಷಕ್ಕೊಮ್ಮೆ ರಾಜನೆದುರು ಪ್ರಮಾಣ ಮಾಡುತ್ತಾರೆ, ಹೆಣ್ಣುಮಕ್ಕಳ ಮಾನ ಕಾಯುತ್ತೇವೆ, ಅವರನ್ನು ಕೆಡಿಸುವುದಿಲ್ಲ ಎಂದು. ಪುಸ್ತಕದಲ್ಲಿ ಬರೆದವನು ತನ್ನ ಹೆಸರು ಹೇಳುತ್ತಾನೆ, ತಾನು ಸೆರೆಯಲ್ಲಿರುವ ಸರದಾರ ಎನ್ನುತ್ತಾನೆ, ತನ್ನ ಬಿಡುಗಡೆಗಾಗಿ ಪ್ರಾರ್ಥಿಸಿರಿ ಎಂದು ಓದುಗರನ್ನು ಬೇಡಿಕೊಳ್ಳುತ್ತಾನೆ. ತನ್ನ ಬಗ್ಗೆ ಅವನು ಹೇಳಿಕೊಂಡದ್ದು ಹೆಚ್ಚುಕಡಿಮೆ ಅಷ್ಟೇ. ಅವನು ಯಾರು, ಯಾವ ಊರಿನವನು, ಏನು ಮಾಡಿ ಸೆರೆಗೆ ಬಿದ್ದ ಎಂದು ಬಹುಕಾಲ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ಪಂಡಿತರು ಹಳೆಯ ಕೋರ್ಟಿನ ಕಡತಗಳನ್ನು ಜಾಲಾಡಿದಾಗ ಆ ಹೆಸರಿನ ಒಬ್ಬ ಸರದಾರ ಸಿಕ್ಕಿದ. ಸಿಕ್ಕಿದ್ದೇ ತಡ, ಎಲ್ಲರ ಮುಖ ಹುಳ್ಳಗಾಯಿತು. ಆತ ಜಮೀನುದಾರ, ಪಾರ್ಲಿಮೆಂಟಿನ ಸದಸ್ಯ. ಅವನ ಮೇಲೆ ದನ ಕದ್ದ, ಮಠದ ಬಾಗಿಲು ಒಡೆದು ಲೂಟಿ ಮಾಡಿದ, ದೊಡ್ಡ ಮನುಷ್ಯನೊಬ್ಬನನ್ನು ಕೊಲ್ಲಲು ಹೊಂಚು ಹಾಕಿದ ಆರೋಪಗಳಿದ್ದವು. ಒಮ್ಮೆ ಸೆರೆಯಿಂದ ತಪ್ಪಿಸಿಕೊಂಡು ಕಂದಕ ಈಜಿ ಪರಾರಿಯಾಗಿದ್ದ. ಇಲ್ಲಿಯವರೆಗೆ ಓದುವಾಗ ನಗು ಬರುತ್ತದೆ, ಮುಂದಿನದಕ್ಕೆ ಬರುವುದಿಲ್ಲ. ಒಬ್ಬನ ಹೆಂಡತಿಯ ಮೇಲೆ, ಕೆಲವೇ ತಿಂಗಳ ಅಂತರದಲ್ಲಿ, ಎರಡು ಸಲ ಅತ್ಯಾಚಾರ ಮಾಡಿದ ಎಂಬ ಆರೋಪವೂ ಆ ಕಡತದಲ್ಲಿತ್ತು. ಯಾವುದರ ವಿಚಾರಣೆಯೂ ನಡೆದು ಮುಗಿಯಲಿಲ್ಲ.

ಹೆಣ್ಣಿನ ಮಾನದ ಬಗ್ಗೆ ಅಷ್ಟು ಚೆಂದ ಬರೆದವನು ಇವನೇ ಎಂದರೆ ಹೇಗೆ ಎಂದು ಪಂಡಿತರು ಸಂಕಟಪಟ್ಟರು. ಕೆಲವರು ಅದು ಶತ್ರುಗಳು ಹೆಣೆದ ಕೇಸು ಎಂದರು. ಕೆಲವರು ಅದೇ ಹೆಸರಿನ ಬೇರೆ ಮನುಷ್ಯರನ್ನು ಬೇರೆ ಬೇರೆ ಊರುಗಳಿಂದ ಹುಡುಕಿ ತಂದರು. ಮೊದಲಿನವನ ವಯಸ್ಸು ಹೊಂದುವುದಿಲ್ಲ, ಪುಸ್ತಕದ ಭಾಷೆ ಉತ್ತರದ ಕಡೆಯದು, ಆದ್ದರಿಂದ ಬರೆದವನು ಉತ್ತರದಲ್ಲಿದ್ದ ಇಂಥವನು ಎಂದು ವಾದ ಹೂಡಿದರು. ಆ ಉತ್ತರದವನ ಬಗ್ಗೆ ಏನೂ ಗೊತ್ತಿರಲಿಲ್ಲ. ಅದೇ ಅವನ ದೊಡ್ಡ ಅರ್ಹತೆ. ಏನೂ ಗೊತ್ತಿಲ್ಲದವನ ಬಗ್ಗೆ ಕೆಟ್ಟದ್ದೂ ಗೊತ್ತಿರುವುದಿಲ್ಲ. ಇವತ್ತಿಗೂ ಹೆಚ್ಚು ಜನ ಮೊದಲಿನವನೇ ಇರಬೇಕು ಎನ್ನುತ್ತಾರೆ, ಆದರೆ ಆಣೆ ಮಾಡಿ ಹೇಳುವವರಿಲ್ಲ.

ನನಗೆ ಆಗ ಇಪ್ಪತ್ತೈದು ವರ್ಷ. ಕುದಿಯುತ್ತಿದ್ದೆ. ಇದು ಸಂಶೋಧನೆಯಲ್ಲ, ತಿಪ್ಪೆ ಸಾರಿಸುವುದು ಎಂದು ಪ್ರಬಂಧದಲ್ಲಿ ಬರೆದೆ. ಒಳ್ಳೆಯ ಪುಸ್ತಕ ಬರೆದವನು ಒಳ್ಳೆಯವನೇ ಆಗಿರಬೇಕು ಎನ್ನುವವರು ಓದುವುದನ್ನು ಬಿಟ್ಟು ಪೂಜೆಗೆ ಕೂರಲಿ ಎಂದೆ. ಲೇಖಕ ಯಾರೆಂದು ಇಷ್ಟು ಜನ ಹುಡುಕಿದರು, ಆ ಹೆಂಗಸು ಯಾರು, ಆಮೇಲೆ ಏನಾದಳು ಎಂದು ಹುಡುಕಿದವರೆಷ್ಟು ಎಂದು ಕೇಳಿದೆ. ಗೈಡು ಆ ಪುಟಗಳನ್ನು ತೆಗೆಯಲು ಹೇಳಿದರು. ನಾನು ತೆಗೆಯಲಿಲ್ಲ. ಆ ಹಟದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ಹೊಸದಾಗಿ ಪರಿಚಯವಾದವರಿಗೆಲ್ಲ ಕರೆದು ಕೂರಿಸಿ ಹೇಳುತ್ತಿದ್ದೆ.

ಚಿಕ್ಕೋಡಿಯ ಕಾಲೇಜಿಗೆ ನಾನು ಸೇರಿದಾಗ ಸರ್ ಆಗಲೇ ಕನ್ನಡ ವಿಭಾಗದ ಮುಖ್ಯಸ್ಥರು, ಕವಿ, ದೊಡ್ಡ ಭಾಷಣಕಾರರು. ಅಥಣಿಯಲ್ಲಿ ಮಹಿಳಾ ದಿನಾಚರಣೆಯಾದರೆ ಅವರೇ ಮುಖ್ಯ ಅತಿಥಿ, ಕಾಗವಾಡದಲ್ಲಿ ಸ್ವಸಹಾಯ ಸಂಘದ ಹೆಂಗಸರು ಸೇರಿದರೂ ಅವರೇ. ಹೆಣ್ಣು ಎಂದರೆ ಭೂಮಿತಾಯಿ ಎನ್ನುವಾಗ ಅವರ ಗಂಟಲು ಕಟ್ಟುತ್ತಿತ್ತು. ಮೂರು ಸಲ ಕೇಳಿದವರಿಗೆ ಯಾವ ವಾಕ್ಯದಲ್ಲಿ ಕಟ್ಟುತ್ತದೆ ಎಂಬುದೂ ಗೊತ್ತಾಗುತ್ತಿತ್ತು. ಮಾತಾಡುವಾಗ ತೀರ ಹತ್ತಿರ ಬರುತ್ತಿದ್ದರು. ಅಡಿಕೆ ಜಗಿದ ಬಾಯಿಯ ವಾಸನೆ, ಅದರ ಮೇಲೆ ಅತ್ತರಿನ ವಾಸನೆ. ಸ್ಟಾಫ್ ರೂಮಿನಲ್ಲಿ ನಾವು ಹೆಂಗಸರು ಕುರ್ಚಿಯ ಬೆನ್ನನ್ನು ಗೋಡೆಗೆ ಒತ್ತಿ ಕೂರುತ್ತಿದ್ದೆವು. ಯಾಕೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಅವರ ನಿವೃತ್ತಿಗೆ ಒಂದು ವರ್ಷ ಇರುವಾಗ ಲೈಬ್ರರಿಗೆ ಒಬ್ಬ ಹೆಣ್ಣುಮಗಳು ಗುತ್ತಿಗೆಯ ಮೇಲೆ ಬಂದಳು. ತವರು ಹಾರೂಗೇರಿ, ಗಂಡ ಬೋರಗಾಂವದಲ್ಲಿ ಮಗ್ಗ ನಡೆಸುವವನು. ಪುಸ್ತಕದ ಧೂಳು ಹೊಡೆಯುವುದು, ಹಳೆಯ ಪತ್ರಿಕೆಗಳನ್ನು ತಿಂಗಳವಾರು ಕಟ್ಟಿಡುವುದು ಅವಳ ಕೆಲಸ. ಮುಂಜಾನೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುತ್ತಿದ್ದಳು. ಆರು ತಿಂಗಳಾದ ಮೇಲೆ ಒಂದು ದಿನ ಪ್ರಿನ್ಸಿಪಾಲರ ಮೇಜಿನ ಮೇಲೆ ಒಂದೂವರೆ ಪುಟದ ಅರ್ಜಿ ಇಟ್ಟಳು. ಪತ್ರಿಕೆಗಳ ಕಪಾಟಿನ ಹಿಂದೆ, ಬೇರೆ ಬೇರೆ ಎರಡು ದಿನ, ತನ್ನನ್ನು ಬಲವಂತವಾಗಿ ಹಿಡಿದು ಏನು ಮಾಡಲಾಯಿತು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಳು. ಅದನ್ನು ನಾನಿಲ್ಲಿ ಮತ್ತೆ ಬರೆಯುವುದಿಲ್ಲ. ಮಾಡಿದವನ ಹೆಸರು, ಅಡ್ಡಹೆಸರು ಬರೆದಿದ್ದಳು. ಹುದ್ದೆ ಬರೆದಿರಲಿಲ್ಲ, ಅವನ ತಂದೆಯ ಹೆಸರು ಬರೆದಿರಲಿಲ್ಲ. ಯಾಕೆ ಬರೆಯಬೇಕು? ಕಾಲೇಜಿನಲ್ಲಿ ಆ ಹೆಸರಿನವರು ಸರ್ ಒಬ್ಬರೇ.

ಮಹಿಳಾ ದೂರು ಸಮಿತಿ ಎಂದು ಒಂದಿತ್ತು, ಕಾಗದದ ಮೇಲೆ. ಹೆಂಗಸು ಅಧ್ಯಕ್ಷಳಾಗಬೇಕು ಎಂಬ ನಿಯಮದಿಂದ ನನ್ನ ಹೆಸರು ಹಾಕಿದ್ದರು. ಜೊತೆಗೆ ಪ್ರಿನ್ಸಿಪಾಲರು ಮತ್ತು ಆಡಳಿತ ಮಂಡಳಿಯ ಒಬ್ಬ ಹಿರಿಯರು. ಅವಳನ್ನು ಕರೆಸಿದೆವು. ಬಂದು ಕುರ್ಚಿಯ ಅಂಚಿಗೆ ಕುಳಿತಳು.

"ಯಾರು ಮಾಡಿದ್ರವಾ ಇದನ್ನ? ಹೆಸರು ಹೇಳು" ಎಂದರು ಪ್ರಿನ್ಸಿಪಾಲರು.

"ಬರದೇನಲ್ರಿ ಅದರಾಗ."

"ಬರದದ್ದು ಇರಲಿ. ನಮ್ಮ ಮುಂದ ಬಾಯಿಲೆ ಹೇಳು."

"ಸರ್ ರೀ. ನಿಮಗೆಲ್ಲಾ ಗೊತ್ತೈತಲ್ರಿ."

"ಕಾಲೇಜಿನಾಗ ಎಲ್ಲಾರೂ ಸರ್ ಅದಾರ. ಯಾವ ಸರ್?"

ಅವಳು ತಲೆ ತಗ್ಗಿಸಿದಳು. "ನಮ್ಮ ಮನಿಯವರ ಹೆಸರೂ ಅದ ಐತ್ರಿ. ಬಾಯಾಗ ಬರೂದಿಲ್ರಿ."

ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆ ಹೆಸರಿನ ಬೇರೆ ಯಾರಿದ್ದರೂ ಅವರ ಹೆಸರನ್ನೂ ಹೇಳುವುದಿಲ್ಲ. ರೇಶನ್ ಅಂಗಡಿಯಲ್ಲಿ ಅಪ್ಪನ ಹೆಸರು ಕೇಳಿದಾಗ ಅವ್ವ ನನ್ನನ್ನು ಮುಂದಕ್ಕೆ ದೂಡುತ್ತಿದ್ದಳು, ನಾನು ಹೇಳುತ್ತಿದ್ದೆ. ಆ ಕೋಣೆಯಲ್ಲಿ ಈ ಮಾತು ಅರ್ಥವಾಗದವರು ಯಾರೂ ಇರಲಿಲ್ಲ. ಆದರೆ ಮಂಡಳಿಯ ಹಿರಿಯರು ಮೀಸೆಯಲ್ಲೇ ನಕ್ಕು, "ಹಂಗಾರ ಗಂಡನ ಮ್ಯಾಲ ಕೊಟ್ಟಾಳೇನು ಅರ್ಜಿ?" ಎಂದರು. ಪ್ರಿನ್ಸಿಪಾಲರು ಜೋರಾಗಿ ನಕ್ಕರು. ನಾನೂ ಮುಗುಳ್ನಕ್ಕೆ. ಆ ನಗೆ ನನ್ನ ಮುಖದ ಮೇಲೆ ಇನ್ನೂ ಅಂಟಿಕೊಂಡಿದೆ ಎನ್ನಿಸಿ ಕೆಲವು ದಿನ ಕನ್ನಡಿ ನೋಡಲು ಹೇಸಿಕೆಯಾಗುತ್ತದೆ.

ಆಮೇಲೆ ನಾನೂ ಒಂದು ಪ್ರಶ್ನೆ ಕೇಳಿದೆ. ಅಧ್ಯಕ್ಷಳಾದವಳು ಏನಾದರೂ ಕೇಳಬೇಕಲ್ಲ.

"ಮೊದಲನೇ ಸಲ ಹಂಗಾದ ಮ್ಯಾಲೆ ಎರಡನೇ ಸಲ ಕಪಾಟಿನ ಹಿಂದ ಯಾಕ ಹೋದಿ?"

"ನನ್ನ ಕೆಲಸ ಅಲ್ಲೇ ಇತ್ತಲ್ರಿ" ಎಂದಳು.

ಅವಳನ್ನು ಹೊರಗೆ ಕಳಿಸಿದೆವು. ಚಹಾ ಬಂತು. ಆಗ ಪ್ರಿನ್ಸಿಪಾಲರು ಇನ್ನೊಬ್ಬನ ವಿಷಯ ತೆಗೆದರು.

ನಮ್ಮಲ್ಲಿ ತೀರಿಹೋದ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಅಜ್ಜನಿಗೆ ಇಬ್ಬರು ಗಂಡುಮಕ್ಕಳಿದ್ದರೆ ಎರಡೂ ಮನೆಯ ಹಿರಿಮಗನಿಗೆ ಅದೇ ಹೆಸರು, ಅಡ್ಡಹೆಸರಂತೂ ಒಂದೇ. ಸೊಸೆಯರು ಮಾವನ ಹೆಸರು ಹಿಡಿದು ಕರೆಯುವಂತಿಲ್ಲವಾದ್ದರಿಂದ ಮನೆಯಲ್ಲಿ ಒಬ್ಬ ದೊಡ್ಡವ, ಇನ್ನೊಬ್ಬ ಸಣ್ಣವ ಆಗುತ್ತಾನೆ. ಶಾಲೆಯ ದಾಖಲೆಯಲ್ಲಿ, ಪಹಣಿಯಲ್ಲಿ ಮಾತ್ರ ಇಬ್ಬರೂ ಅಜ್ಜನೇ. ಸರ್‌ಗೂ ಕರೋಶಿಯಲ್ಲಿ ಅಂಥ ಒಬ್ಬ ತಮ್ಮನಿದ್ದ, ಚಿಕ್ಕಪ್ಪನ ಮಗ. ಎಮ್ಮೆ ಕಟ್ಟಿಕೊಂಡು ಬದುಕಿದವನು, ದಿನಾ ಮುಂಜಾನೆ ಕಾಲೇಜಿನ ಹಾಸ್ಟೆಲಿಗೆ ಹಾಲು ತಂದು ಹಾಕುತ್ತಿದ್ದ. ಅರ್ಜಿಯಲ್ಲಿ ಹೇಳಿದ ಎರಡೂ ದಿನ ಅವನು ಬದುಕಿದ್ದ. ನಾವು ಚಹಾ ಕುಡಿಯುತ್ತಿದ್ದ ದಿನಕ್ಕೆ ಅವನು ಕಾಮಾಲೆಯಾಗಿ ಸತ್ತು ಎರಡು ವಾರವಾಗಿತ್ತು.

"ಮೇಡಂ, ನಿಮ್ಮ ರಿಸರ್ಚ್ ಇದ ಅಲ್ಲೇನ್ರಿ?" ಎಂದರು ಪ್ರಿನ್ಸಿಪಾಲರು. "ಒಂದ ಹೆಸರಿನ ನಾಲ್ಕು ಮಂದ್ಯಾಗ ಖರೇದಾಂವ ಯಾರು ಅಂತ ಹುಡುಕೂದು. ಈ ಕೆಲಸಕ್ಕ ನಿಮ್ಮನ್ನ ಬಿಟ್ರ ಈ ಭಾಗದಾಗ ಯಾರದಾರ್ರಿ?"

ಯಾರೂ ನನ್ನನ್ನು ಹೆದರಿಸಲಿಲ್ಲ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇಂಥ ಕಥೆಗಳಲ್ಲಿ ಬರೆಯುವವರು ತಮ್ಮ ಮೇಲೆ ಯಾರದೋ ಒತ್ತಡವಿತ್ತು ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ನನ್ನ ನೌಕರಿ ಕಾಯಂ ಆಗಿತ್ತು. ಬಡ್ತಿಯ ಆಸೆ ಇರಲಿಲ್ಲ. ನನ್ನ ಹಳೆಯ ಪ್ರಬಂಧವನ್ನು ಒಬ್ಬರು ನೆನಪಿಟ್ಟುಕೊಂಡಿದ್ದಾರೆ ಎಂಬುದಕ್ಕೇ ಉಬ್ಬಿಹೋದೆ. ಎರಡು ಮಧ್ಯಾಹ್ನ ಕುಳಿತು ವರದಿ ಬರೆದೆ. ಬರೆಯುವುದು ಖುಷಿ ಕೊಟ್ಟಿತು. ಇಷ್ಟು ವರ್ಷ ಪಾಸಾಗುವ ಹುಡುಗರಿಗೆ ಐದು ಅಂಕದ ಟಿಪ್ಪಣಿ ಬರೆಸಿ ಬರೆಸಿ ಜಂಗು ಹಿಡಿದಿದ್ದ ಬುದ್ಧಿಗೆ ಒಂದು ಕೆಲಸ ಸಿಕ್ಕಿತ್ತು.

ಯಾರನ್ನು ಬೈದು ಎಂ.ಫಿಲ್. ಪಡೆದಿದ್ದೆನೋ ಅವರ ಹಾದಿಯನ್ನೇ ಹಿಡಿದೆ. ಅರ್ಜಿಯಲ್ಲಿ ಬಲವಾದ ಕೈ ಎಂದಿದೆ, ಹೃದಯದ ಕಾಯಿಲೆಗೆ ಔಷಧ ತೆಗೆದುಕೊಳ್ಳುವ, ನಿವೃತ್ತಿಗೆ ಬಂದ ಮನುಷ್ಯನಿಗೆ ಇದು ಹೊಂದುವುದಿಲ್ಲ ಎಂದು ಬರೆದೆ. ಮುಂಜಾನೆಯ ಹೊತ್ತು ಎಂದಿದೆ, ಆ ಹೊತ್ತಿಗೆ ಆವರಣದಲ್ಲಿ ಇರುವವನು ಹಾಲಿನವನು ಎಂದೆ. ಒಂದು ದಿನ ಸರ್ ಉಪನ್ಯಾಸಕ್ಕೆಂದು ಅಥಣಿಗೆ ಹೋದ ದಾಖಲೆಯಿತ್ತು. ಕಾರ್ಯಕ್ರಮ ಸಂಜೆಯದು, ಮುಂಜಾನೆ ಅವರು ಕಾಲೇಜಿನಲ್ಲೇ ಇದ್ದುದನ್ನು ನಾನೇ ನೋಡಿದ್ದೆ, ಅದನ್ನು ಬರೆಯಲಿಲ್ಲ. ಇನ್ನೊಂದು ದಿನಕ್ಕೆ ಯಾವ ದಾಖಲೆಯೂ ಇರಲಿಲ್ಲ, ಅದಕ್ಕೆ 'ಅದೇ ರೀತಿ' ಎಂಬ ಎರಡು ಶಬ್ದ ಬಳಸಿ ದಾಟಿಕೊಂಡೆ. ಸ್ತ್ರೀಗೌರವದ ಬಗ್ಗೆ ಜೀವನವಿಡೀ ಬರೆದ ಲೇಖಕರ ನಡತೆಗೆ ಇದು ವಿರುದ್ಧ ಎಂದೂ ಸೇರಿಸಿದೆ. ಅರ್ಜಿದಾರಳು ವಿಚಾರಣೆಯಲ್ಲಿ ಆರೋಪಿಯ ಹೆಸರು ಹೇಳಲು ಸಮರ್ಥಳಾಗಲಿಲ್ಲ ಎಂಬುದು ಕೊನೆಯ ವಾಕ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಮೂವರೂ ಸಹಿ ಹಾಕಿದೆವು. ವರದಿಯನ್ನು ಬರೆದವರು ಯಾರೆಂಬುದು ಎಲ್ಲಿಯೂ ಇರಲಿಲ್ಲ.

ಮರುದಿನ ಸರ್ ನನ್ನ ಕೋಣೆಗೆ ಬಂದರು. ಸತ್ಯಕ್ಕೆ ಸಾವಿಲ್ಲ ಮೇಡಂ ಎಂದು ಹೇಳಿ ನನ್ನ ಭುಜದ ಮೇಲೆ ಕೈಯಿಟ್ಟರು. ಇಟ್ಟ ಕೈಯನ್ನು ಬೇಗ ತೆಗೆಯಲಿಲ್ಲ. ಅಡಿಕೆ, ಅತ್ತರು. ಮನೆಗೆ ಹೋಗಿ ಆ ಕುಪ್ಪಸವನ್ನು ಕಲ್ಲಿಗೆ ಒಗೆದು ಒಗೆದು, ಕೊನೆಗೆ ಒಲೆಗೆ ಹಾಕಿದೆ. ಅವಳ ಅರ್ಜಿಯ ಒಂದೊಂದು ಅಕ್ಷರವೂ ನಿಜ ಎಂದು ನನಗೆ ಮೊದಲೂ ಗೊತ್ತಿತ್ತು. ಆ ಸಂಜೆ ಮೈಗೂ ಗೊತ್ತಾಯಿತು. ವರದಿಯನ್ನು ವಾಪಸ್ ಪಡೆಯಲು ಇನ್ನೂ ಸಮಯವಿತ್ತು, ಪಡೆಯಲಿಲ್ಲ.

ಲೈಬ್ರರಿಯ ಹೆಣ್ಣುಮಗಳಿಗೆ ವರದಿಯ ಒಂದು ಪ್ರತಿ ಕೊಟ್ಟು, ಆ ತಿಂಗಳ ಕೊನೆಗೆ ಕೆಲಸದಿಂದ ಬಿಡಿಸಿದರು. ಸತ್ತವನ ಮೇಲೆ ಕ್ರಮ ಕೈಗೊಳ್ಳುವಂತಿರಲಿಲ್ಲ, ಅವನ ಹೆಸರನ್ನು ಮಾತ್ರ ಸಿಬ್ಬಂದಿ ಸಭೆಯಲ್ಲಿ ಓದಿದರು. ಕರೋಶಿ ದೂರವೇನಲ್ಲ, ಬಸ್ಸಿಗಿಂತ ಮೊದಲು ಸುದ್ದಿ ಹೋಯಿತು. ಒಂದು ಮಧ್ಯಾಹ್ನ ಅವನ ಹೆಂಡತಿ ನನ್ನ ಮನೆ ಹುಡುಕಿಕೊಂಡು ಬಂದಳು. ಕುರ್ಚಿ ತೋರಿಸಿದರೂ ಹೊಸ್ತಿಲ ಬಳಿ ನೆಲಕ್ಕೇ ಕುಳಿತಳು.

"ಬಾಯಾರ, ನಮ್ಮ ಮನಿಯವರು ಲೈಬ್ರರಿ ಎಲ್ಲೈತಿ ಅಂತ ಸೈತ ನೋಡಿದಾವರಲ್ರಿ. ಹಾಸ್ಟೆಲ್ ಅಡಗಿಮನಿ ಬಾಗಲದಾಗ ಕ್ಯಾನ್ ಇಟ್ಟು ಹೊಳ್ಳಿ ಬರತಿದ್ರು. ಮಗಳಿಗೆ ಸೋಯರಿಕಿ ಗಟ್ಟಿ ಆಗಿತ್ತು, ಮುರಕೊಂಡು ಹ್ವಾದ್ರು. ಸತ್ತವರಿಗೆ ಬಾಯಿಲ್ಲಂತ ಹೀಂಗ ಮಾಡಬಾರದ್ರಿ."

"ಅದು ಸಮಿತಿ ನಿರ್ಣಯವಾ. ನನ್ನ ಕೈಯಾಗ ಏನೂ ಇಲ್ಲ" ಎಂದೆ.

ಅವಳು ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದಳು, ಎದ್ದು ಹೋದಳು. ಅಂದಿನಿಂದ ಕರೋಶಿಯ ಕಡೆ ಹೋಗುವ ಬಸ್ಸನ್ನೇ ನಾನು ಹತ್ತಲಿಲ್ಲ. ಪಾಠದಲ್ಲಿ ಆ ಇಂಗ್ಲಿಷ್ ಲೇಖಕ ಬಂದಾಗ, ಅವನು ಯಾರೆಂಬುದು ಖಚಿತವಿಲ್ಲ ಎಂದು ಒಂದೇ ಸಾಲು ಹೇಳಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ನನ್ನ ಪ್ರಬಂಧದ ಪ್ರತಿಯನ್ನು ರದ್ದಿಗೆ ಹಾಕಿದೆ. ಹೀಗೆ ಹದಿನಾರು ವರ್ಷ ಕಳೆದವು, ಅಭಿನಂದನ ಗ್ರಂಥದವನು ಬರುವವರೆಗೆ.

ಬರೆಯುವುದಾದರೆ ಆ ಹೆಣ್ಣುಮಗಳನ್ನು ಕೇಳದೆ ಬರೆಯಬಾರದು ಎಂದುಕೊಂಡೆ. ಹಾಗೆಂದು ಮನಸ್ಸಿಗೆ ಹೇಳಿಕೊಂಡೆ, ಅಷ್ಟೇ. ನಿಜವಾಗಿ ಹೋದದ್ದು ಕ್ಷಮೆ ಗಿಟ್ಟಿಸಿಕೊಳ್ಳಲು. ಅವಳು ಹಾರೂಗೇರಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆಂದು ಕಾಲೇಜಿನ ಹಳೆಯ ಗುಮಾಸ್ತರು ಹೇಳಿದರು. ರಾಯಬಾಗದಲ್ಲಿ ಬಸ್ಸು ಬದಲಿಸಿ ಹನ್ನೊಂದರ ಸುಮಾರಿಗೆ ಹೋಗಿ ಇಳಿದೆ. ಬಸ್ ನಿಲ್ದಾಣದ ಎದುರಿಗೇ ಅಂಗಡಿ. ಒಳಗೆ ಒಂದು ಝೆರಾಕ್ಸ್ ಯಂತ್ರ, ಒಂದು ಕಂಪ್ಯೂಟರು, ಗಿರಾಕಿಗೆ ಒಂದು ಸ್ಟೂಲು. ಅವಳ ತಲೆ ಅರ್ಧ ನರೆತಿತ್ತು. ನಾನು ಹೇಳುವ ಮೊದಲೇ ಗುರುತು ಹಿಡಿದಳು.

"ಮೇಡಂ ಅಲ್ಲೇನ್ರಿ? ಬರ್ರಿ, ಕುಂದರ್ರಿ."

ಕುಳಿತೆ. ಸರ್ ಅವರ ಅಭಿನಂದನ ಗ್ರಂಥದ ವಿಷಯ ಹೇಳಿದೆ. ಅದರಲ್ಲಿ ನಡೆದದ್ದನ್ನು ಬರೆಯಬೇಕೆಂದಿದ್ದೇನೆ, ನಿನ್ನ ಒಪ್ಪಿಗೆ ಬೇಕು ಎಂದೆ. ಅವಳು ಗಿರಾಕಿಯೊಬ್ಬನಿಗೆ ಪಹಣಿಯ ಪ್ರಿಂಟ್ ಕೊಟ್ಟಳು.

"ಬರೀರಿ. ನನ್ನ ಹೆಸರು ಹಾಕಬ್ಯಾಡ್ರಿ, ಮಗಳು ಕಾಲೇಜಿಗೆ ಹೊಂಟಾಳ. ಕರೋಶಿಯವರದೂ ಬ್ಯಾಡ."

"ಕರೋಶಿಯವರು ನಿನಗ ಗೊತ್ತೇನು?" ಎಂದು ಕೇಳಿದೆ.

"ಆ ವರ್ಷನ ಹೋಗಿದ್ನಿರಿ. ಪಾಪ, ಸತ್ತಾಂವನ ಮ್ಯಾಲ ಹಾಕಿದ್ರಲ್ಲ. ಆ ಅಕ್ಕನ ಮುಂದ ಕುಂತು, ನಿಮ್ಮ ಮನಿಯವರಲ್ರಿ, ಕಾಲೇಜಿನಾಂವ ಅಂದೆ. ಯಾವಾಂವ, ಹೆಸರು ಹೇಳು ಅಂದ್ರು ಆಕಿ ಮೈದುನಗೋಳು. ಹೇಳಿದೆ. ಗಂಡನ ಹೆಸರಾದ್ರ ಆಗಲಿ, ಬಾಯಿಬಿಟ್ಟು ಹೇಳಿದೆ. ಆ ಅಕ್ಕನ ಮಗಳಿಗೆ ಮುಂದ ಕಾಗವಾಡದ ಕಡೆ ಲಗ್ನ ಆತು, ನನ್ನನ್ನೂ ಕರದಿದ್ರು."

ನಾನು ಬಸ್ಸು ಹತ್ತಲು ಹೇಸಿದ ಊರಿಗೆ ಈಕೆ ಹೋಗಿ, ನಾನು ಕೆಡಿಸಿದ್ದನ್ನು ತಾನು ಸರಿಮಾಡಿ ಬಂದಿದ್ದಳು. ನನ್ನನ್ನು ಬೈಯಲಿ ಎಂದು ಕಾಯುತ್ತ ಕುಳಿತೆ. ಬೈದರೆ ಅಳು ಬರುತ್ತದೆ, ಅತ್ತರೆ ಹಗುರಾಗುತ್ತದೆ ಎಂಬ ಲೆಕ್ಕಾಚಾರ ಆಗಲೂ ಒಳಗೆ ನಡೆದೇ ಇತ್ತು.

ಅವಳು ಬೈಯಲಿಲ್ಲ. "ನಿಮ್ಮ ಕಡಿಂದ ಒತ್ತಾಯಲೆ ಸಹಿ ಹಾಕಿಸಿಕೊಂಡಿರಬೇಕ್ರಿ ಅವರು" ಎಂದಳು. "ಹೆಣಮಕ್ಕಳ ಹಣೇಬರಾನ ಅಷ್ಟು. ಒಂದು ಮಾತು ಕೇಳ್ಲೇನ್ರಿ ಮೇಡಂ?"

"ಕೇಳವಾ."

"ಆ ರಿಪೋರ್ಟು ನಾ ಭಾಳ ಸಲ ಓದೇನ್ರಿ. ಎಷ್ಟು ಚೆಂದ ಬರದಾರ. ಎಲ್ಲೂ ತಪ್ಪು ಹಿಡಿಯಾಕ ಬರೂದಿಲ್ಲ. ಓದಿ ಓದಿ ನನಗ ಸಂಶೆ ಬರಾಕತ್ತಿತ್ತು, ನಾನ ತಪ್ಪು ನೋಡಿನೇನೋ, ಆ ಹಾಲಿನಾಂವನ ಇದ್ದನೇನೋ ಅಂತ. ಒಂದಿನ ಕಣ್ಣು ಮುಚ್ಚಿ ಕುಂತು ಆ ಮಾರಿ ಮತ್ತ ನೆನಪ ಮಾಡಕೋಬೇಕಾತು. ಮರೀಬೇಕಂತ ಮಾಡಿದ್ದ ಮಾರಿ. ಆ ಸರ್ ಮಾಡಿದ್ದಕ್ಕಿಂತ ಅದು ಕೆಟ್ಟ ಅನಿಸ್ತ್ರಿ ನನಗ." ಯಂತ್ರದಿಂದ ಬಂದ ಕಾಗದಗಳನ್ನು ಎತ್ತಿಕೊಂಡಳು. "ಪ್ರಿನ್ಸಿಪಾಲರಿಗೆ ನಾಲ್ಕು ಸಾಲು ನೆಟ್ಟಗ ಬರಿಯಾಕ ಬರತಿರ್ಲಿಲ್ಲ. ಅದನ್ನ ಬರದವರು ಯಾರ್ರಿ? ನಿಮಗ ಗೊತ್ತಿರಬೇಕು."

ಐದು ಶತಮಾನದ ಹಿಂದೆ ಒಂದು ಪುಸ್ತಕ ಬರೆದವನು ಯಾರು ಎಂಬುದಕ್ಕೆ ನಾನು ನನ್ನ ಹರೆಯದ ಎರಡು ವರ್ಷ ಕೊಟ್ಟಿದ್ದೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪ್ರಿನ್ಸಿಪಾಲರು ತೀರಿಹೋಗಿದ್ದಾರೆ, ಮಂಡಳಿಯ ಹಿರಿಯರೂ ತೀರಿಹೋಗಿದ್ದಾರೆ. ಆ ಹಿರಿಯರು ಚೆನ್ನಾಗಿ ಓದಿಕೊಂಡವರು, ವಕೀಲಿ ಮಾಡಿದವರು. ಅವರ ಹೆಸರು ಹೇಳಿದರೆ ಅವಳು ನಂಬುತ್ತಿದ್ದಳು. ಸುಳ್ಳು ಹೇಳುವುದಿಲ್ಲ, ಆ ಹೆಸರು ನಾಲಿಗೆಯ ತುದಿಯವರೆಗೆ ಬಂದಿತ್ತು.

"ನಾನ ಬರದೇನಿ" ಎಂದೆ.

ಅವಳ ಕೈಯಲ್ಲಿ ಯಾರದೋ ಕಾಗದಗಳಿದ್ದವು. ಅವನ್ನು ಮೇಜಿನ ಮೇಲೆ ಕುಟ್ಟಿ ಸಮಮಾಡಿ, ಪಿನ್ ಹೊಡೆದಳು. ಬಾಗಿಲಲ್ಲಿ ಒಬ್ಬ ಮುದುಕ ಆಧಾರ್ ಕಾರ್ಡ್ ಹಿಡಿದುಕೊಂಡು ನಿಂತಿದ್ದ. ಅವಳು ಅವನ ಕಡೆ ನೋಡಿದಳು, ನನ್ನ ಕಡೆ ನೋಡಲಿಲ್ಲ.

"ಏಳ್ರಿ ಮೇಡಂ. ಅಜ್ಜಾರು ನಿಂತಾರ, ಅವರು ಕುಂದರಲಿ."

ನಾನು ಎದ್ದೆ.